ರೆಕಾರ್ಡ್ ತೊಳೆಯುವ ಮಷಿನ್: ಪದೇ ಪದೇ ಕೇಳುವ ಪ್ರಶ್ನೆಗಳು

ಅಜ್ಜನ ಕಾಲದ ಎಲ್‌ಪಿಗಳು, ಅಂದರೆ 12 ಇಂಚಿನ ದೊಡ್ಡ ರೆಕಾರ್ಡುಗಳು, ಅಟ್ಟದಿಂದ ಇಳಿದಿರಬಹುದು. ಇಲ್ಲವೇ ಚಿಕ್ಕಪೇಟೆಯ ಸಂಡೇ ಬಜಾರಿನಲ್ಲಿ ಚೌಕಾಸಿ ಮಾಡಿ ಒಂದು ಕಟ್ಟು ಇಪಿಗಳನ್ನು, ಅಂದರೆ ಚಿಕ್ಕ ರೆಕಾರ್ಡುಗಳನ್ನು, ತಂದಿರಬಹುದು. ಹಾಕಿ ನೋಡಿದರೆ ಹಾಡಿಗಿಂತ ಚಟಪಟ ಸದ್ದೇ ಜಾಸ್ತಿ. ಆಮೇಲೆ ಶುರುವಾಗುವ ಪ್ರಶ್ನೆಗಳು ಇವು. ಕೈಯಲ್ಲಿ ತಿರುಗಿಸುವ ತೊಟ್ಟಿ, ನೀರು ಎಳೆದುಕೊಳ್ಳುವ ಮಷಿನ್, ಅಲ್ಟ್ರಾಸಾನಿಕ್, ಈ ಮೂರನ್ನೂ ಬಳಸಿದ್ದೇನೆ. ಉತ್ತರಗಳಲ್ಲಿ ನನ್ನ ಇಷ್ಟಾನಿಷ್ಟಗಳೂ ಸೇರಿವೆ.

ಮೆತ್ತನೆ ಬಟ್ಟೆಯಲ್ಲಿ ಒರೆಸಿದರೆ ಸಾಲದಾ?

ಮೇಲಿನ ಧೂಳಿಗೆ ಸಾಕು, ಒಳಗಿನ ಕೊಳೆಗೆ ಸಾಲದು. ಎಲ್‌ಪಿಯ 22 ನಿಮಿಷದ ಒಂದು ಬದಿಯಲ್ಲಿ ಹಾಡು ಕೊರೆದಿರುವ ಗೆರೆಯನ್ನು ಬಿಚ್ಚಿ ನೇರ ಮಾಡಿದರೆ ಸುಮಾರು 450 ಮೀಟರ್ ಉದ್ದ ಬರುತ್ತದೆ. ಅದರ ಅಗಲ ಮಾತ್ರ ತಲೆಗೂದಲಿಗಿಂತ ಕಡಿಮೆ. ಬಟ್ಟೆಯ ನೂಲು ಅದರೊಳಗೆ ಇಳಿಯುವುದಿಲ್ಲ. ಮೇಲೆ ಉಜ್ಜಿದಷ್ಟೂ ಧೂಳು ಒಳಗೆ ಒತ್ತಿಕೊಂಡು ಕೂರುತ್ತದೆ.

ಒದ್ದೆ ಮಾಡಿದರೆ ಕೊಳೆ ಸಡಿಲವಾಗುತ್ತದೆ, ನಿಜ. ಆದರೆ ಆ ಕೊಳೆ ನೀರು ಹಾಗೇ ಒಣಗಿದರೆ ಕೊಳೆಯೆಲ್ಲ ಗೆರೆಯ ತಳಕ್ಕೆ ಇಳಿದು ಮತ್ತೆ ಅಂಟಿಕೊಳ್ಳುತ್ತದೆ. ಉಜ್ಜುವ ಕೆಲಸವನ್ನು ಕೈಯೂ ಮಾಡುತ್ತದೆ. ನೀರು ಒಣಗುವ ಮೊದಲೇ ಅದನ್ನು ಕೊಳೆಯ ಸಮೇತ ಹೊರಗೆ ಎಳೆದು ಹಾಕುವುದು ಮಾತ್ರ ಕೈಗೆ ಆಗದ ಕೆಲಸ. ಮಷಿನ್‌ಗೆ ದುಡ್ಡು ಕೊಡುವುದು ಅದಕ್ಕೆ. ಯಾವ ಮಷಿನ್ ನೋಡಿದರೂ ನಾನು ಮೊದಲು ಕೇಳುವುದು ಒಂದೇ: ಕೊಳೆ ನೀರು ಎಲ್ಲಿಗೆ ಹೋಗುತ್ತದೆ?

ಎಷ್ಟು ಬಗೆಯ ಮಷಿನ್‌ಗಳಿವೆ?

ಎಲ್ಲಕ್ಕಿಂತ ಸರಳವಾದದ್ದು ತೊಟ್ಟಿ. ಅಮೆರಿಕದ ಸ್ಪಿನ್-ಕ್ಲೀನ್, ಜರ್ಮನಿಯ ಕ್ನೋಸ್ಟಿ ಈ ಜಾತಿಯವು. ಎರಡು ಬ್ರಷ್‌ಗಳ ನಡುವೆ ರೆಕಾರ್ಡನ್ನು ನಿಲ್ಲಿಸಿ ಕೈಯಲ್ಲಿ ತಿರುಗಿಸುತ್ತೀರಿ. ಕರೆಂಟ್ ಬೇಡ, ಸದ್ದಿಲ್ಲ. ಆದರೆ ಮೊದಲ ರೆಕಾರ್ಡಿನ ಕೊಳೆ ಅದೇ ನೀರಿನಲ್ಲಿ ಉಳಿದಿರುತ್ತದೆ. ಹತ್ತನೆಯದು ಅದರಲ್ಲೇ ಮುಳುಗುತ್ತದೆ.

ಎರಡನೆಯದು ನೀರನ್ನು ಎಳೆದುಕೊಳ್ಳುವ ವ್ಯಾಕ್ಯೂಮ್ ಮಷಿನ್. ಇದರ ಮೂಲ ಇಂಗ್ಲೆಂಡಿನಲ್ಲಿದೆ. ಗ್ರಾಮಫೋನ್ ಪತ್ರಿಕೆಯ ತಾಂತ್ರಿಕ ಸಂಪಾದಕರಾಗಿದ್ದ ಪರ್ಸಿ ವಿಲ್ಸನ್ ಅವರ ಯೋಚನೆಯನ್ನು ಹಿಡಿದು ಕೀತ್ ಮಂಕ್ಸ್ 1960ರ ದಶಕದ ಕೊನೆಯಲ್ಲಿ ಮಷಿನ್ ಮಾಡಿದರು. ಬಿಬಿಸಿಯಂಥ ರೇಡಿಯೋ ಸಂಸ್ಥೆಗಳು ಅದನ್ನು ಕೊಂಡವು. ಅದರಲ್ಲಿ ಎಳೆಯುವ ಬಾಯಿ ಪೆನ್ನಿನ ಮೊನೆಯಷ್ಟು ಚಿಕ್ಕದು. ಬಾಯಿಗೂ ರೆಕಾರ್ಡಿಗೂ ನಡುವೆ ಒಂದು ನೈಲಾನ್ ದಾರ. ದಾರ ನಿಧಾನವಾಗಿ ಮುಂದೆ ಸರಿಯುತ್ತಾ ಇರುವುದರಿಂದ ಯಾವಾಗಲೂ ಹೊಸ ದಾರವೇ ರೆಕಾರ್ಡನ್ನು ಮುಟ್ಟುತ್ತದೆ. ಒಂದು ರೆಕಾರ್ಡಿನ ಕೊಳೆ ಇನ್ನೊಂದಕ್ಕೆ ಹೋಗುವ ಮಾತೇ ಇಲ್ಲ. ಈ ಒಂದು ದಾರದ ಉಪಾಯಕ್ಕೆ ನಾನು ಮನಸೋತಿದ್ದೇನೆ. ಬೆಲೆ ಕೇಳಿದರೆ ಮಾತ್ರ ಮನಸ್ಸು ವಾಪಸ್ ಬರುತ್ತದೆ.

ಆಮೇಲೆ ಅಮೆರಿಕದ ವಿಪಿಐ, ನಿಟಿ ಗ್ರಿಟಿ ಕಂಪನಿಗಳು ಮನೆಗೆ ಎಟುಕುವ ಮಷಿನ್ ತಂದವು. ಇವುಗಳಲ್ಲಿ ಮಖಮಲ್ ಅಂಟಿಸಿದ ಸೀಳು ಇರುವ ಒಂದು ಕೊಳವೆ ರೆಕಾರ್ಡಿನ ಅಂಚಿನಿಂದ ಲೇಬಲ್‌ವರೆಗೂ ಚಾಚಿಕೊಂಡಿದ್ದು ಒಂದೆರಡು ಸುತ್ತಿನಲ್ಲೇ ನೀರು ಎಳೆಯುತ್ತದೆ. ನೆದರ್‌ಲೆಂಡ್ಸ್‌ನ ಓಕಿ ನೋಕಿ, ಆಸ್ಟ್ರಿಯಾದ ಪ್ರೊ-ಜೆಕ್ಟ್ ಕೂಡ ಈ ಬಗೆಯವೇ.

ಮೂರನೆಯದು ಅಲ್ಟ್ರಾಸಾನಿಕ್.

ಅಲ್ಟ್ರಾಸಾನಿಕ್ ನಿಜಕ್ಕೂ ಅಷ್ಟು ಚೆನ್ನಾಗಿದೆಯಾ?

ಚೆನ್ನಾಗಿದೆ. ಜಾದೂ ಅಲ್ಲ. ನೀರಿನಲ್ಲಿ ಕಿವಿಗೆ ಕೇಳದಷ್ಟು ವೇಗದ ಕಂಪನ ಎಬ್ಬಿಸಿದಾಗ ಕೋಟಿಗಟ್ಟಲೆ ಪುಟ್ಟ ಗುಳ್ಳೆಗಳು ಹುಟ್ಟಿ ಒಡೆಯುತ್ತವೆ. ಒಡೆಯುವಾಗಿನ ಹೊಡೆತಕ್ಕೆ ಕೊಳೆ ಕಿತ್ತು ಬರುತ್ತದೆ. ಬ್ರಷ್ ಇಳಿಯದ ಜಾಗಕ್ಕೂ ನೀರು ಇಳಿಯುತ್ತದಲ್ಲ, ಅದೇ ಇದರ ಬಲ. ಕಂಪನದ ವೇಗ ಹೆಚ್ಚಿದಷ್ಟೂ ಗುಳ್ಳೆ ಸಣ್ಣದಾಗುತ್ತದೆ, ಪೆಟ್ಟು ಮೆತ್ತಗಾಗುತ್ತದೆ. ಹಾಂಗ್‌ಕಾಂಗಿನ ಹಮಿನ್‌ಗುರು 40 ಕಿಲೋಹರ್ಟ್ಸ್‌ನಲ್ಲಿ ಕೆಲಸ ಮಾಡುತ್ತದೆ. ಎಸ್ಟೋನಿಯಾದ ಡಿಗ್ರಿಟರ್ 120ರಲ್ಲಿ. ಜರ್ಮನಿಯ ಆಡಿಯೋ ಡೆಸ್ಕ್ ಮಷಿನ್‌ನಲ್ಲಿ ಕಂಪನದ ಜೊತೆಗೆ ತಿರುಗುವ ಮೈಕ್ರೋಫೈಬರ್ ಉರುಳೆಗಳೂ ಇವೆ.

ನನಗೆ ಕಂಡ ತೊಂದರೆ ಬೇರೆ. ಇವುಗಳಲ್ಲಿ ಹೆಚ್ಚಿನವು ರೆಕಾರ್ಡನ್ನು ಫ್ಯಾನ್ ಗಾಳಿಯಲ್ಲಿ ಒಣಗಿಸುತ್ತವೆ. ಗಾಳಿ ನೀರನ್ನು ಆರಿಸುತ್ತದೆ, ನೀರಿನಲ್ಲಿದ್ದದ್ದನ್ನು ಅಲ್ಲೇ ಬಿಡುತ್ತದೆ. ತುಂಬ ಕೊಳೆಯಾದ ರೆಕಾರ್ಡನ್ನು ನೇರ ಅಲ್ಟ್ರಾಸಾನಿಕ್‌ಗೆ ಇಳಿಸಿದರೆ ತೊಟ್ಟಿಯ ನೀರೇ ಕೊಳೆಯಾಗಿ, ಆ ನೀರೇ ಪ್ಲೇಟಿನ ಮೇಲೆ ಆರುತ್ತದೆ. ಹಾಗಾಗಿ ಸಂತೆಯಿಂದ ತಂದದ್ದಕ್ಕೆ ಮೊದಲು ವ್ಯಾಕ್ಯೂಮ್, ಆಮೇಲೆ ಬೇಕಿದ್ದರೆ ಅಲ್ಟ್ರಾಸಾನಿಕ್. ಒಂದೇ ಕೊಳ್ಳಲು ಆಗುವುದಾದರೆ ವ್ಯಾಕ್ಯೂಮ್ ಕೊಳ್ಳಿ ಅನ್ನುತ್ತೇನೆ.

ನೀರಿನ ಬಿಸಿಯ ಮೇಲೆ ಕಣ್ಣಿರಲಿ. ಒಂದರ ಹಿಂದೆ ಒಂದು ಹಾಕುತ್ತಾ ಹೋದರೆ ಕಂಪನಕ್ಕೇ ನೀರು ಬಿಸಿಯಾಗುತ್ತದೆ. ನಾನು 35 ಡಿಗ್ರಿ ದಾಟಲು ಬಿಡುವುದಿಲ್ಲ. ರೆಕಾರ್ಡಿನ ಪ್ಲಾಸ್ಟಿಕ್, ಅಂದರೆ ವಿನೈಲ್, ಬಿಸಿಗೆ ಸೊಟ್ಟಗಾದರೆ ಮತ್ತೆ ನೆಟ್ಟಗಾಗುವುದು ಕಷ್ಟ.

ನನ್ನ ಹತ್ತಿರ ಐವತ್ತೇ ರೆಕಾರ್ಡ್ ಇವೆ. ಏನು ಕೊಳ್ಳಲಿ?

ತೊಟ್ಟಿ ಸಾಕು. ನೀರನ್ನು ಆಗಾಗ ಚೆಲ್ಲಿ ಹೊಸದು ಹಾಕಿ. ಎರಡನೇ ಪಾತ್ರೆಯಲ್ಲಿ ಬರೀ ಶುದ್ಧ ನೀರು ಇಟ್ಟುಕೊಂಡು ಇನ್ನೊಮ್ಮೆ ಅದ್ದಿ. ಸಂಗ್ರಹ ಇನ್ನೂರು ದಾಟುವ ಹೊತ್ತಿಗೆ ಕೈ ನೋಯಲು ಶುರುವಾಗುತ್ತದೆ, ಆಗ ವ್ಯಾಕ್ಯೂಮ್ ಮಷಿನ್ ಯೋಚನೆ ಮಾಡಿ. ಡಿಗ್ರಿಟರ್‌ನಂಥದ್ದಕ್ಕೆ ಲಕ್ಷಗಳ ಲೆಕ್ಕ. ಆ ದುಡ್ಡಿದ್ದರೆ ನಾನಾದರೆ ಅರ್ಧವನ್ನು ಒಳ್ಳೆಯ ಕಾರ್ಟ್ರಿಜ್‌ಗೆ (ಪ್ಲೇಯರ್‌ನಲ್ಲಿ ಮುಳ್ಳು ಕೂರುವ ಭಾಗ) ಹಾಕುತ್ತೇನೆ.

ಕೊಳ್ಳುವ ಮುಂಚೆ ಅಳತೆ ಕೇಳಿ. ಕನ್ನಡ ಸಿನಿಮಾ ಹಾಡುಗಳ ಇಪಿ 7 ಇಂಚಿನವು. 78ರ ಪ್ಲೇಟುಗಳು, ಅಂದರೆ ನಿಮಿಷಕ್ಕೆ 78 ಸುತ್ತು ತಿರುಗುವ ಹಳೇ ರೆಕಾರ್ಡುಗಳು, ಹೆಚ್ಚಾಗಿ 10 ಇಂಚಿನವು. 12 ಇಂಚಿಗೆ ಮಾಡಿದ ಕೊಳವೆಯನ್ನು 7 ಇಂಚಿನ ಮೇಲೆ ಇಟ್ಟರೆ ಸೀಳಿನ ಉಳಿದ ಭಾಗ ಬರೀ ಗಾಳಿ ಎಳೆಯುತ್ತದೆ, ನೀರು ಅಲ್ಲೇ ನಿಲ್ಲುತ್ತದೆ. ಓಕಿ ನೋಕಿ, ಪ್ರೊ-ಜೆಕ್ಟ್‌ಗೆ ಚಿಕ್ಕ ಕೊಳವೆಗಳು ಬೇರೆಯಾಗಿ ಸಿಗುತ್ತವೆ. ದಾರದ ಮಷಿನ್‌ಗೆ ಈ ಗೊಡವೆಯೇ ಇಲ್ಲ.

ಅಮೆರಿಕದಲ್ಲಿರುವ ಅಣ್ಣ ಬರುವಾಗ ತರ್ತಾನಂತೆ. ನಮ್ಮ ಕರೆಂಟಿಗೆ ಆಗುತ್ತದಾ?

230 ವೋಲ್ಟಿನ ಮಾದರಿ ಇದೆಯಾ ಅಂತ ಮೊದಲೇ ಕೇಳಿಸಿ. ಅಲ್ಲಿನ 120 ವೋಲ್ಟ್ ಮಷಿನ್ ಅನ್ನು ನಮ್ಮ ಪ್ಲಗ್‌ಗೆ ನೇರ ಹಾಕಿದರೆ ಮೋಟಾರ್ ಸುಟ್ಟಂತೆಯೇ. ಸ್ಟೆಪ್-ಡೌನ್ ಟ್ರಾನ್ಸ್‌ಫಾರ್ಮರ್ ಬೇಕು, ಅದೂ ದೊಡ್ಡದು. ವ್ಯಾಕ್ಯೂಮ್ ಮೋಟಾರ್ ನೂರಾರು ವ್ಯಾಟ್ ಎಳೆಯುತ್ತದೆ, ಶೇವರ್‌ಗೆ ಹಾಕುವ ಪುಟ್ಟ ಡಬ್ಬಿ ತಡೆಯುವುದಿಲ್ಲ. ಇನ್ನೊಂದು ವಿಷಯ: ಅಲ್ಲಿನದು 60 ಹರ್ಟ್ಸ್, ನಮ್ಮದು 50. ಟ್ರಾನ್ಸ್‌ಫಾರ್ಮರ್ ಇದನ್ನು ಬದಲಿಸುವುದಿಲ್ಲ. ತಟ್ಟೆ ತಿರುಗಿಸುವ ಮೋಟಾರ್ ಸಿಂಕ್ರೋನಸ್ ಬಗೆಯದಾದರೆ (ಕರೆಂಟಿನ ಹರ್ಟ್ಸ್‌ಗೆ ತಕ್ಕ ವೇಗದಲ್ಲಿ ತಿರುಗುವಂಥದ್ದು) ಆರರಲ್ಲಿ ಐದು ಪಾಲಿನ ವೇಗಕ್ಕೆ ಇಳಿಯುತ್ತದೆ. ತೊಳೆಯಲು ಇದೇನೂ ದೊಡ್ಡ ಅಡ್ಡಿಯಲ್ಲ.

ತೊಟ್ಟಿಯಾದರೆ ಅಣ್ಣನ ಸೂಟ್‌ಕೇಸಿನಲ್ಲಿ ಆರಾಮಾಗಿ ಬರುತ್ತದೆ.

ನೀರು ಯಾವುದು? ಮನೆಯ ಫಿಲ್ಟರ್ ನೀರು ಆಗುತ್ತದಾ?

ಮಷಿನ್ ಬ್ರ್ಯಾಂಡಿನ ಬಗ್ಗೆ ಗಂಟೆಗಟ್ಟಲೆ ವಾದ ಮಾಡುವವರು ನೀರಿನ ಬಗ್ಗೆ ಒಂದು ನಿಮಿಷ ಯೋಚಿಸುವುದಿಲ್ಲ. ನಮ್ಮ ಊರುಗಳಲ್ಲಿ ಫಲಿತಾಂಶವನ್ನು ತೀರ್ಮಾನಿಸುವುದು ನೀರೇ.

ಬೋರ್‌ವೆಲ್ ನೀರು ಬೇಡವೇ ಬೇಡ. ಗೀಸರ್ ಕಾಯಿಲ್ ಮೇಲೆ, ಬಾತ್‌ರೂಮ್ ನಲ್ಲಿಯ ಮೇಲೆ ಬಿಳಿ ಉಪ್ಪು ಕಟ್ಟುತ್ತದಲ್ಲ, ಅದೇ ಉಪ್ಪು ಗೆರೆಯೊಳಗೂ ಕಟ್ಟುತ್ತದೆ. ಮುಳ್ಳು ಅದರ ಮೇಲೆ ಹಾದಾಗ ಹೊಸ ಚಟಪಟ. ಕಾವೇರಿ ನೀರು ಇದಕ್ಕಿಂತ ಮೆತ್ತಗಿದೆ, ಆದರೂ ಲವಣ ಇದ್ದೇ ಇದೆ. ಆರ್‌ಓ ಫಿಲ್ಟರ್ ಲವಣ ತಗ್ಗಿಸುತ್ತದೆ, ಪೂರ್ತಿ ತೆಗೆಯುವುದಿಲ್ಲ. ಅಷ್ಟೇ ಅಲ್ಲ, ಕುಡಿಯಲು ರುಚಿ ಬರಲಿ ಅಂತ ಕೆಲವು ಫಿಲ್ಟರ್‌ಗಳು ಲವಣವನ್ನು ವಾಪಸ್ ಸೇರಿಸುತ್ತವೆ.

ಬೇಕಾದದ್ದು ಡಿಸ್ಟಿಲ್ಡ್ ವಾಟರ್, ಇಲ್ಲವೇ ಖನಿಜ ತೆಗೆದ ಡಿಮಿನರಲೈಸ್ಡ್ ನೀರು. ಇನ್ವರ್ಟರ್ ಬ್ಯಾಟರಿಗೆ ಹಾಕುವ ಬ್ಯಾಟರಿ ವಾಟರ್ ಅಂಗಡಿಗಳಲ್ಲಿ ಸಿಗುತ್ತದೆ. ಆದರೆ ಎಲ್ಲ ಕ್ಯಾನೂ ಒಂದೇ ಥರ ಇರುವುದಿಲ್ಲ. ನೀರಿನಲ್ಲಿ ಕರಗಿದ ಲವಣ ಅಳೆಯುವ, ಕೈಯಲ್ಲಿ ಹಿಡಿಯುವ ಟಿಡಿಎಸ್ ಮೀಟರ್ ಕೆಲವೇ ನೂರು ರೂಪಾಯಿಗೆ ಬರುತ್ತದೆ. ಕ್ಯಾನ್ ತೆರೆದ ಕೂಡಲೇ ಅದ್ದಿ ನೋಡಿ. ಸೊನ್ನೆಯ ಹತ್ತಿರ ಇದ್ದರೆ ಸರಿ, ಎರಡಂಕಿಯಲ್ಲಿ ಮೇಲಕ್ಕೆ ಹೋದರೆ ಅದನ್ನು ಬ್ಯಾಟರಿಗೂ ಹಾಕಬೇಡಿ. ಎಸಿಯಿಂದ ತೊಟ್ಟಿಕ್ಕುವ ನೀರು ಶುದ್ಧ ಅಂತ ಹಿಡಿದಿಡುವವರಿದ್ದಾರೆ. ಅದರಲ್ಲಿ ಎಸಿಯೊಳಗಿನ ಧೂಳು, ಬೂಷ್ಟು ಎಲ್ಲ ಇರುತ್ತದೆ. ಗಿಡಕ್ಕೆ ಹಾಕಿ.

ನೀರಿಗೆ ಏನು ಬೆರೆಸಬೇಕು?

ಬರೀ ನೀರು ವಿನೈಲ್ ಮೇಲೆ ಹನಿಹನಿಯಾಗಿ ನಿಲ್ಲುತ್ತದೆ, ಗೆರೆಗೆ ಇಳಿಯುವುದಿಲ್ಲ. ಹರಡಿಕೊಳ್ಳಲು ಒಂದಿಷ್ಟು ಸರ್ಫ್ಯಾಕ್ಟಂಟ್ ಬೇಕು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ತನ್ನ ರೆಕಾರ್ಡುಗಳಿಗೆ ಟರ್ಜಿಟಾಲ್ ಎಂಬುದನ್ನು ನೀರಿಗೆ ಸೇರಿಸಿ ಬಳಸುತ್ತದೆ. ಫಿಲ್ಮ್ ತೊಳೆಯುವವರ ಕೊಡ್ಯಾಕ್ ಫೋಟೋ-ಫ್ಲೋ ಸಿಕ್ಕರೆ ಲೀಟರಿಗೆ ಕೆಲವು ಹನಿ ಸಾಕು. ಏನೇ ಬೆರೆಸಿದರೂ ಕೊನೆಯ ಸುತ್ತು ಬರೀ ಶುದ್ಧ ನೀರಿನದ್ದೇ ಆಗಬೇಕು. ಉಳಿದ ಸರ್ಫ್ಯಾಕ್ಟಂಟ್ ಮುಳ್ಳಿನ ತುದಿಗೆ ಅಂಟುತ್ತದೆ.

ಐಸೊಪ್ರೊಪೈಲ್ ಆಲ್ಕೋಹಾಲ್ ಬಗ್ಗೆ ಜಗಳ ಮುಗಿಯುವಂಥದ್ದಲ್ಲ. ಬೆರಳಿನ ಜಿಡ್ಡು, ಅಡುಗೆಮನೆಯ ಎಣ್ಣೆ ಹೊಗೆ ಹಿಡಿದ ವಿನೈಲ್ ರೆಕಾರ್ಡಿಗೆ ನಾನು ಹತ್ತು ಪಾಲು ನೀರಿಗೆ ಒಂದು ಪಾಲು ಹಾಕುತ್ತೇನೆ, ಉಳಿದವಕ್ಕೆ ಹಾಕುವುದಿಲ್ಲ. ಮೆಡಿಕಲ್ ಸ್ಟೋರಿನ ಸರ್ಜಿಕಲ್ ಸ್ಪಿರಿಟ್ ಅದರ ಬದಲಿ ಅಲ್ಲ, ಅದರಲ್ಲಿ ಬೇರೆ ಏನೇನೋ ಇರುತ್ತದೆ. ಅಲ್ಟ್ರಾಸಾನಿಕ್ ತೊಟ್ಟಿಗಂತೂ ಆಲ್ಕೋಹಾಲ್ ಹಾಕಲೇಬೇಡಿ. ಬಿಸಿಯಾದಾಗ ಆವಿ ಹೊತ್ತಿಕೊಳ್ಳಬಹುದು.

ಪಾತ್ರೆ ತೊಳೆಯುವ ಲಿಕ್ವಿಡ್? ಅಂಟುವಾಳ? ಕೊಬ್ಬರಿ ಎಣ್ಣೆ?

ಬೇಡ, ಬೇಡ, ಅಯ್ಯೋ ಬೇಡ. ಮೊದಲನೆಯದರಲ್ಲಿ ಪರಿಮಳ, ಬಣ್ಣ, ಉಪ್ಪು ಇರುತ್ತದೆ. ಅಂಟುವಾಳ ರೇಷ್ಮೆ ಸೀರೆಗೆ ಚೆಂದ, ಅದರ ಚೂರು ಗೆರೆಯಲ್ಲಿ ಉಳಿದರೆ ತೆಗೆಯುವವರು ಯಾರು? ಹೊಳೆಯಲಿ ಅಂತ ಎಣ್ಣೆ ಒರೆಸಿಟ್ಟು ಮಾರುವ ರೆಕಾರ್ಡುಗಳು ಹಳೇ ಸಾಮಾನಿನ ಅಂಗಡಿಗಳಲ್ಲಿ ನನಗೂ ಸಿಕ್ಕಿವೆ. ಕನ್ನಡಿಯ ಹಾಗೆ ಮಿಂಚುವ ಹಳೇ ರೆಕಾರ್ಡ್ ಕಂಡರೆ ಬೆರಳಿನಿಂದ ಅಂಚು ಮುಟ್ಟಿ ನೋಡಿ.

78ರ ಪ್ಲೇಟುಗಳನ್ನು ಮಷಿನ್‌ಗೆ ಹಾಕಬಹುದಾ?

ಹಾಕಬಹುದು, ಆದರೆ ಆಲ್ಕೋಹಾಲ್ ಒಂದು ಹನಿಯೂ ಇರಬಾರದು. 78ರ ಪ್ಲೇಟು ಪ್ಲಾಸ್ಟಿಕ್ ಅಲ್ಲ, ಅರಗು. ಅರಗಿಗೆ ಕಲ್ಲಿನ ಪುಡಿ ಬೆರೆಸಿ ಬಿಸಿಯಲ್ಲಿ ಒತ್ತಿದ್ದು. ಚನ್ನಪಟ್ಟಣದ ಬೊಂಬೆಗೆ ಬಣ್ಣ ಹಿಡಿಸುವುದೂ ಅರಗೇ. ಬಡಗಿಗಳು ಹಳೇ ಕಾಲದ ಪಾಲಿಶ್‌ಗೆ ಅರಗಿನ ಚಕ್ಕೆಯನ್ನು ಸ್ಪಿರಿಟ್‌ನಲ್ಲೇ ಕರಗಿಸುತ್ತಾರೆ. ಅಂದಮೇಲೆ ಪ್ಲೇಟಿನ ಮೇಲೆ ಸ್ಪಿರಿಟ್ ಬಿದ್ದರೆ ಏನಾಗುತ್ತದೆ ಅಂತ ಬೇರೆ ಹೇಳಬೇಕಿಲ್ಲ. ಹಾಡು ಕರಗಿ ಹೋಗುತ್ತದೆ.

ವರ್ಷ ನೋಡಿ ಇದು ವಿನೈಲ್ ಇರಬೇಕು ಅಂದುಕೊಳ್ಳಬೇಡಿ. ಅಮೆರಿಕ, ಇಂಗ್ಲೆಂಡ್ 78ಕ್ಕೆ ವಿದಾಯ ಹೇಳಿದ ಮೇಲೂ ಕೋಲ್ಕತ್ತದ ದಮ್‌ದಮ್ ಕಾರ್ಖಾನೆಯಲ್ಲಿ 1960ರ ದಶಕದಲ್ಲಿ ಅವು ಅಚ್ಚಾಗುತ್ತಲೇ ಇದ್ದವು. ಬೀಟಲ್ಸ್ ಹಾಡುಗಳ 78ರ ಪ್ಲೇಟೂ ಭಾರತದಲ್ಲಿ ಬಂದಿದೆ, ಈಗ ಹೊರದೇಶದ ಸಂಗ್ರಾಹಕರು ಅದಕ್ಕೆ ಮುಗಿಬೀಳುತ್ತಾರೆ. ಪ್ಲೇಟು ಭಾರವಾಗಿದ್ದು, ಸ್ವಲ್ಪವೂ ಬಾಗದಿದ್ದರೆ ಅರಗು ಅಂತಲೇ ತಿಳಿಯಿರಿ. ಬಾಗಿಸಿ ಪರೀಕ್ಷೆ ಮಾಡಲು ಹೋಗಬೇಡಿ, ಮುರಿಯುತ್ತದೆ.

ನೀರನ್ನು ಹೆಚ್ಚು ಹೊತ್ತು ನಿಲ್ಲಿಸಬೇಡಿ. ಹಾಕಿ, ಬ್ರಷ್ ಮಾಡಿ, ಕೂಡಲೇ ಎಳೆಯಿರಿ. ಬಿರುಕು ಬಿಟ್ಟ ಪ್ಲೇಟಿಗೆ, ಅಂಚಿನಲ್ಲಿ ಪದರ ಬಿಟ್ಟ ಪ್ಲೇಟಿಗೆ ನೀರು ಬೇಡವೇ ಬೇಡ. ಕೆಲವು ಪ್ಲೇಟುಗಳ ಒಳಗೆ ಕಾಗದದ ಪದರ ಇರುತ್ತದೆ, ನೀರು ಕುಡಿದು ಉಬ್ಬುತ್ತದೆ.

ಲೇಬಲ್ ಒದ್ದೆಯಾಗದ ಹಾಗೆ ರಬ್ಬರಿನ ಮುಚ್ಚಳ ಹಾಕಿ. ಗಂಗೂಬಾಯಿ ಹಾನಗಲ್ ಅವರ ಮೊದಮೊದಲ ಪ್ಲೇಟುಗಳು ಬಂದದ್ದು ಗಾಂಧಾರಿ ಎಂಬ ಹೆಸರಿನಲ್ಲಿ. ಅಂಥ ಪ್ಲೇಟಿನ ಲೇಬಲ್ ತೊಯ್ದು ಕಿತ್ತುಬಂದರೆ, ಹಾಡಿದವರು ಯಾರು ಅಂತ ಮುಂದಿನವರಿಗೆ ಹೇಳುವ ಕಾಗದವೇ ಹೋದಂತೆ.

ಮಳೆಗಾಲದಲ್ಲಿ ಬೂಷ್ಟು ಹಿಡಿದಿದೆ. ಹೋಗುತ್ತದಾ?

ಮೇಲಿನದು ಹೋಗುತ್ತದೆ. ಮಂಗಳೂರು, ಮಲೆನಾಡಿನ ಕಡೆಯಿಂದ ಬಂದ ರೆಕಾರ್ಡುಗಳಲ್ಲಿ ಇದು ಮಾಮೂಲು. ಮೊದಲು ಹೊರಗೆ, ಬಾಲ್ಕನಿಯಲ್ಲಿ, ಮೂಗಿಗೆ ಮಾಸ್ಕ್ ಕಟ್ಟಿಕೊಂಡು ಒಣ ಬ್ರಷ್‌ನಿಂದ ಉದುರಿಸಿ. ಮನೆಯೊಳಗೆ ಉದುರಿಸಿದರೆ ಉಳಿದ ರೆಕಾರ್ಡುಗಳಿಗೂ ಹಬ್ಬುತ್ತದೆ. ಆಮೇಲೆ ದ್ರಾವಣ ಹಾಕಿ ಎರಡು ಮೂರು ನಿಮಿಷ ನೆನೆಸಿ, ಎಳೆಯಿರಿ, ಇನ್ನೊಮ್ಮೆ ಮಾಡಿ. ಬೂಷ್ಟು ಗೆರೆಯ ಗೋಡೆಯನ್ನೇ ತಿಂದಿದ್ದರೆ ಕಲೆ ಹೋದರೂ ಸುಂಯ್ ಸದ್ದು ಉಳಿಯುತ್ತದೆ. ಹಳೇ ಒಳಕವರನ್ನು ಎಸೆಯಿರಿ, ಬೂಷ್ಟಿನ ಬೀಜ ಅದರಲ್ಲೇ ಇರುತ್ತದೆ. ಅಚ್ಚಾದ ಹೊರಕವರು ಎಸೆಯಲು ಮನಸ್ಸು ಬರುವುದಿಲ್ಲ, ನನಗೂ ಬರುವುದಿಲ್ಲ. ಬಿಸಿಲಲ್ಲಿ ಸ್ವಲ್ಪ ಹೊತ್ತಿಟ್ಟು, ರೆಕಾರ್ಡನ್ನು ಅದರಿಂದ ಬೇರೆ ಇಡಿ. ರೆಕಾರ್ಡನ್ನು ಮಾತ್ರ ಬಿಸಿಲಿಗೆ ಇಡಬೇಡಿ.

ತೊಳೆದ ಮೇಲೆ ರೆಕಾರ್ಡ್ ಇನ್ನೂ ಜಾಸ್ತಿ ಧೂಳು ಎಳೆಯುತ್ತಿದೆ. ಯಾಕೆ?

ಒಣಗಿದ ಮೇಲೂ ವ್ಯಾಕ್ಯೂಮ್ ಓಡಿಸಿದ್ದೀರಿ. ಒಣ ವಿನೈಲ್ ಮೇಲೆ ಕೊಳವೆಯ ಮಖಮಲ್ ಉಜ್ಜಿದರೆ ಧೂಳು ಎಳೆಯುವ ಸ್ಟ್ಯಾಟಿಕ್ ವಿದ್ಯುತ್ ಹುಟ್ಟುತ್ತದೆ. ಎರಡು ಸುತ್ತು ಸಾಕು. ಅಂಚಿನಲ್ಲಿ ಉಳಿದ ಹನಿ ಗಾಳಿಗೆ ತಾನಾಗಿ ಆರಲಿ.

ತೊಳೆದರೂ ಚಟಪಟ ಹೋಗಲಿಲ್ಲ. ಮಷಿನ್ ಸರಿಯಿಲ್ವಾ?

ಸದ್ದನ್ನು ಗಮನಿಸಿ. ನಿಮಿಷಕ್ಕೆ 33⅓ ಸುತ್ತಿನ ಎಲ್‌ಪಿ ವೇಗದಲ್ಲಿ ಒಂದು ಸುತ್ತಿಗೆ 1.8 ಸೆಕೆಂಡ್. ಟಿಕ್ ಸದ್ದು ಅದೇ ಲಯದಲ್ಲಿ ಬರುತ್ತಿದ್ದರೆ ಅದು ಗೀರು. ಯಾವ ಮಷಿನ್ನೂ ಗೀರು ಮುಚ್ಚುವುದಿಲ್ಲ. ಜೋರು ಸ್ವರಗಳಲ್ಲಿ, ಅದರಲ್ಲೂ ಲೇಬಲ್ ಹತ್ತಿರ ಬಂದಾಗ, ದನಿ ಒಡೆದ ಹಾಗೆ ಕೇಳಿದರೆ ಅದು ಸವೆತ. ನಮ್ಮ ಮನೆಗಳಲ್ಲಿದ್ದ ಎಚ್‌ಎಂವಿ ಫಿಯೆಸ್ಟಾದಂಥ ಪುಟ್ಟ ಪ್ಲೇಯರ್‌ಗಳ ಸೆರಾಮಿಕ್ ಕಾರ್ಟ್ರಿಜ್ ಇವತ್ತಿನದಕ್ಕಿಂತ ಎಷ್ಟೋ ಭಾರವಾಗಿ ಕೂರುತ್ತಿತ್ತು, ಮುಳ್ಳು ಸವೆದರೂ ಯಾರೂ ಬದಲಿಸುತ್ತಿರಲಿಲ್ಲ. ಮದುವೆ ಮನೆಯಲ್ಲಿ ಮೈಕಿನವರು ದಿನವಿಡೀ ಹಾಕಿದ ಇಪಿಗಳ ಗತಿ ಕೇಳಲೇಬೇಡಿ. ಲಯವಿಲ್ಲದೆ ಅಲ್ಲಲ್ಲಿ ಚಟಪಟ ಅಂದರೆ ಮಾತ್ರ ಕೊಳೆ. ಅದಕ್ಕೆ ಇನ್ನೊಂದು ಸುತ್ತು ತೊಳೆಯಿರಿ.

ಮುಳ್ಳಿನ ತುದಿಯನ್ನೂ ನೋಡಿ. ತೊಳೆದ ರೆಕಾರ್ಡಿನ ಮೇಲೆ ಕೊಳೆ ಮುಳ್ಳು ಇಟ್ಟು ಮಷಿನ್ ಬೈಯುವವರು ಇದ್ದಾರೆ.

ಅಕ್ಕಪಕ್ಕದವರಿಗೆ ತೊಂದರೆ ಆಗುವಷ್ಟು ಸದ್ದಾ?

ವ್ಯಾಕ್ಯೂಮ್ ಮಷಿನ್ ಚಟ್ನಿ ರುಬ್ಬುವ ಮಿಕ್ಸಿಯಷ್ಟು ಕೂಗುತ್ತದೆ. ರಾತ್ರಿ ಹತ್ತರ ಮೇಲೆ ಬೇಡ. ಕಿವಿಗೆ ಇಯರ್‌ಪ್ಲಗ್ ಹಾಕಿಕೊಳ್ಳಿ. ದಾರದ ಮಷಿನ್ ಇದಕ್ಕಿಂತ ಎಷ್ಟೋ ಮೃದು.

ಫೆವಿಕಾಲ್ ಹಚ್ಚಿ, ಒಣಗಿಸಿ, ಸುಲಿದರೆ ಕೊಳೆ ಬರುತ್ತದಂತೆ?

ಹೊರದೇಶದವರು ಮರದ ಗೋಂದಿನಲ್ಲಿ ಮಾಡುವ ಉಪಾಯ ಇದು. ಬರುವುದು ನಿಜ. ಆದರೆ ತೆಳ್ಳಗೆ ಹಚ್ಚಿದ ಕಡೆ ಪದರ ಹರಿದು ಚೂರು ಗೆರೆಯಲ್ಲೇ ಉಳಿಯುತ್ತದೆ, ಸುಲಿಯುವಾಗ ಸ್ಟ್ಯಾಟಿಕ್ ವಿಪರೀತ, ಒಣಗಲು ಇಡೀ ರಾತ್ರಿ ಬೇಕು. ಅರಗಿನ ಪ್ಲೇಟಿಗೆ ಈ ಸಾಹಸ ಬೇಡ. ಬಿಸಾಡುವ ರೆಕಾರ್ಡ್ ಇದ್ದರೆ ಸುಮ್ನೆ ಮೋಜಿಗೆ ಮಾಡಿ ನೋಡಿ.

ಹೊಸ ರೆಕಾರ್ಡನ್ನೂ ತೊಳೆಯಬೇಕಾ? ಎಷ್ಟು ದಿನಕ್ಕೊಮ್ಮೆ?

ಒಮ್ಮೆ ತೊಳೆದರೆ ಒಳ್ಳೆಯದು. ಕಾಗದದ ಒಳಕವರಿನ ಪುಡಿ, ಕಾರ್ಖಾನೆಯ ಧೂಳು ಅದರಲ್ಲಿರುತ್ತದೆ. ಚೆನ್ನಾಗಿ ತೊಳೆದು ಹೊಸ ಒಳಕವರಿಗೆ ಹಾಕಿದ ರೆಕಾರ್ಡನ್ನು ವರ್ಷಗಟ್ಟಲೆ ಮತ್ತೆ ತೊಳೆಯಬೇಕಿಲ್ಲ. ಹಾಕುವ ಮುನ್ನ ಕಾರ್ಬನ್ ಫೈಬರ್ ಬ್ರಷ್ ಆಡಿಸಿದರೆ ಸಾಕು. ತೊಳೆದ ರೆಕಾರ್ಡನ್ನು ಹಳೇ ಕವರಿಗೇ ತುರುಕುವವರಿಗೆ ಮಷಿನ್ ದಂಡ.

ಮನೆಯಲ್ಲೇ ಮಾಡಿಕೊಳ್ಳಬಹುದಾ?

ಧಾರಾಳವಾಗಿ. ನೀರು ಎಳೆಯಬಲ್ಲ ವೆಟ್ ಅಂಡ್ ಡ್ರೈ ವ್ಯಾಕ್ಯೂಮ್ ಕ್ಲೀನರ್, ಉದ್ದಕ್ಕೆ ಸೀಳಿದ ಒಂದು ಪ್ಲಾಸ್ಟಿಕ್ ಪೈಪು, ಸೀಳಿನ ಎರಡು ಬದಿಗೆ ಅಂಟಿಸಲು ಮಖಮಲ್ ಪಟ್ಟಿ, ಕೈಯಲ್ಲಿ ತಿರುಗಿಸಲು ಕೆಟ್ಟುಹೋದ ಟರ್ನ್‌ಟೇಬಲ್. ಪೈಪಿನ ತುದಿ ಮುಚ್ಚಿರಬೇಕು. ಬರೀ ಒಣ ಧೂಳಿಗೆ ಮಾಡಿದ ಕ್ಲೀನರ್‌ನಲ್ಲಿ ನೀರು ಎಳೆದರೆ ಮೋಟಾರಿಗೆ ನೀರು ಹೋಗಿ ಶಾಕ್ ಹೊಡೆಯಬಹುದು, ಅದು ಬೇಡ. ಎಳೆತ ಜಾಸ್ತಿಯಾಗಿ ರೆಕಾರ್ಡ್ ಅಂಟಿಕೊಂಡರೆ ಪೈಪಿನಲ್ಲಿ ಒಂದು ಸಣ್ಣ ತೂತು ಕೊರೆಯಿರಿ.

ಮಷಿನ್ ಆರೈಕೆ ಹೇಗೆ?

ಪ್ರತಿ ಸಲ ಕೆಲಸ ಮುಗಿದ ಮೇಲೆ ಕೊಳೆ ನೀರಿನ ಟ್ಯಾಂಕ್ ಖಾಲಿ ಮಾಡಿ, ತೆರೆದಿಡಿ. ಬಿಟ್ಟರೆ ಮಳೆಗಾಲದಲ್ಲಿ ಎರಡೇ ದಿನಕ್ಕೆ ನಾತ. ಟ್ಯಾಂಕ್ ತುಂಬಿದ್ದು ಗಮನಿಸದಿದ್ದರೆ ನೀರು ಮೋಟಾರಿಗೆ ಹೋಗಬಹುದು. ಕೊಳವೆಯ ಮಖಮಲ್ ಪಟ್ಟಿಯನ್ನು ಹಳೇ ಟೂತ್‌ಬ್ರಷ್‌ನಿಂದ ಆಗಾಗ ಉಜ್ಜಿ, ಅದರಲ್ಲಿ ಸಿಕ್ಕ ಒಂದು ಮರಳ ಕಾಳು ಮುಂದಿನ ಎಲ್ಲ ರೆಕಾರ್ಡಿಗೂ ಗೀರು ಹಾಕುತ್ತದೆ. ಪಟ್ಟಿ ಚಪ್ಪಟೆಯಾದರೆ ಬದಲಿಸಿ. ಕೊಳೆ ರೆಕಾರ್ಡಿಗೆ ಒಂದು ಬ್ರಷ್, ಕೊನೆಯ ಶುದ್ಧ ನೀರಿಗೆ ಇನ್ನೊಂದು ಇಟ್ಟುಕೊಳ್ಳಿ. ಏಳೆಂಟು ರೆಕಾರ್ಡ್ ಆದ ಮೇಲೆ ಮೋಟಾರ್ ತಣ್ಣಗಾಗಲು ಬಿಡಿ. ಆ ಹೊತ್ತಿಗೆ ಮೊದಲು ತೊಳೆದದ್ದು ಪೂರ್ತಿ ಒಣಗಿರುತ್ತದೆ, ಹಾಕಿ ಕೇಳಬಹುದು.